ಮಣ್ಣು ಒಪ್ಪಿಕೊಂಡವರು

ಇಡೀ ಬೀದಿಗೆ ಒಂದೇ ಹೊಟ್ಟೆ ಇರೋಕೆ ಸಾಧ್ಯವಾ? ನೀವೇ ಹೇಳಿ.

ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದ ಕೂಡಲೇ ನಾನು ಕೇಳಿದ್ದು ಇದನ್ನೇ. ಕೇಳಿಸಿಕೊಳ್ಳೋಕೆ ವ್ಯಾನಿನಲ್ಲಿ ಇದ್ದವರು ನಮ್ಮ ಡಾಕ್ಟರು ಒಬ್ಬರೇ. ಅವರು ಬಾಯಿಗೆ ಇಟ್ಟುಕೊಂಡಿದ್ದ ಬಿಸ್ಕತ್ತನ್ನು ಹಾಗೇ ಹಿಡಿದುಕೊಂಡು, "ಯಾಕೆ ಮೇಡಂ, ಏನಾಯ್ತು?" ಅಂದರು. ಈ ವ್ಯಾನಿನಲ್ಲಿ ಕೂತು ಬಿಸ್ಕತ್ತು ತಿನ್ನೋದು ಅವರಿಗೆ ಅಭ್ಯಾಸವಾಗಿ ಹೋಗಿದೆ. ನನಗೂ ಅಷ್ಟೇ. ಜನ ಮೂಗು ಮುಚ್ಚಿಕೊಂಡು ದೂರ ಹೋಗೋ ವಸ್ತುವನ್ನು ಕಣ್ಣಿಗೆ ಹತ್ತಿರ ತಂದುಕೊಂಡು ನೋಡೋದೇ ನನ್ನ ಹೊಟ್ಟೆಪಾಡು. ಮಲಪರೀಕ್ಷೆ. ಹೆಸರು ಹೇಳೋಕೆ ನನಗೇನೂ ನಾಚಿಕೆ ಇಲ್ಲ.

ನಮ್ಮ ಕೆಲಸ ಇಷ್ಟೇ. ಹಳ್ಳಿಯಿಂದ ಹಳ್ಳಿಗೆ ಹೋಗಬೇಕು, ಮನೆ ಮನೆಗೂ ಪುಟ್ಟ ಡಬ್ಬಿ ಹಂಚಬೇಕು, ಮಾರನೇ ದಿನ ಬೆಳಿಗ್ಗೆ ಅದನ್ನು ವಾಪಸು ತಗೊಂಡು, ಎಷ್ಟು ಜನರ ಹೊಟ್ಟೆಯಲ್ಲಿ ಹುಳ ಇದೆ ಅಂತ ನೋಡಬೇಕು. ಬೀದಿಯ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಇದ್ದರೆ ಪ್ರತಿ ಮನೆಗೂ ಔಷಧಿ ಬರುತ್ತೆ, ಜೊತೆಗೆ ಪಾಯಖಾನೆ ಕಟ್ಟಿಸೋಕೂ ಮಂಜೂರಾಗುತ್ತೆ. ಇಲ್ಲದಿದ್ದರೆ ಏನೂ ಇಲ್ಲ, ವ್ಯಾನು ಮುಂದಿನ ಊರಿಗೆ.

ಈ ಸಲದ ಊರಿನ ಹೆಂಚಿನ ಕಾರ್ಖಾನೆ ಬೀದಿ ನನಗೆ ಹೊಸದಲ್ಲ. ನಮ್ಮಕ್ಕನನ್ನು ಕೊಟ್ಟಿರೋದು ಇಲ್ಲಿಗೇ. ಭಾವ ಅಲ್ಲಿ ಮಣ್ಣು ತುಳಿಯೋರ ಮೇಸ್ತ್ರಿ. ಅದಕ್ಕೇ ಡಬ್ಬಿ ಹಂಚುವಾಗ ಬೀದಿಯವರೆಲ್ಲ ನಗುನಗುತ್ತಾ ಇಸಕೊಂಡಿದ್ದರು. ನಾನೂ ಬೀಗಿದ್ದೆ, ಅಕ್ಕನ ಬೀದಿ ಅಂದರೆ ಸುಮ್ಮನೇನಾ ಅಂತ. ಬೆಳಿಗ್ಗೆ ಎಲ್ಲ ಡಬ್ಬಿಯೂ ತುಂಬಿ ಬಂದವು. ಒಂದೂ ಕಮ್ಮಿ ಇಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

"ನೋಡಿ ಡಾಕ್ಟ್ರೇ," ಅಂದೆ. "ಎಪ್ಪತ್ತರ ಮುದುಕಿಯ ಡಬ್ಬೀಲೂ ಹುರಿಗಾಳಿನ ಸಿಪ್ಪೆ, ಹಲ್ಲು ಬರದ ಕೂಸಿನ ಡಬ್ಬೀಲೂ ಹುರಿಗಾಳಿನ ಸಿಪ್ಪೆ. ಎಲ್ಲದರಲ್ಲೂ ಅದೇ ಮೆಣಸಿನಕಾಯಿ ಬೀಜ. ಎಲ್ಲದರಲ್ಲೂ ಕೊಕ್ಕೆಹುಳದ ಮೊಟ್ಟೆ, ಅದೂ ಒಂದೇ ಸಮ. ಯಾರೋ ಒಬ್ಬ ಪುಣ್ಯಾತ್ಮ ಇಡೀ ಬೀದಿಯ ಪರವಾಗಿ ಕೂತು ಎದ್ದಿದ್ದಾನೆ."

ಡಾಕ್ಟರು ಬಗ್ಗಿ ನೋಡಿದರು. ಎರಡು ಗಾಜಿನ ಸ್ಲೈಡು, ನಾಲ್ಕು ಸ್ಲೈಡು. ಆಮೇಲೆ ತಲೆ ಕೆರೆದುಕೊಂಡರು. ಇದನ್ನೇ ಕಳಿಸಿಬಿಟ್ಟರೆ ಬೀದಿಗೆಲ್ಲ ಔಷಧಿ ಸಿಕ್ಕೀತು ಅಂತ ನನಗೆ ಒಂದು ಗಳಿಗೆ ಆಸೆಯಾಗಿದ್ದು ಸುಳ್ಳಲ್ಲ. ಆದರೆ ಮೇಲಿನ ಆಫೀಸಿನಲ್ಲಿ ಇನ್ನೊಂದು ಸಲ ನೋಡೋರು ಇರುತ್ತಾರೆ, ಅವರೇನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿರಲ್ಲ. ಸಿಕ್ಕಿಬಿದ್ದರೆ ಪಟ್ಟಿಯಿಂದ ಬೀದಿಯ ಹೆಸರನ್ನೇ ಹೊಡೆದು ಹಾಕ್ತಾರೆ.

"ನಾಳೆ ಮಧ್ಯಾಹ್ನ ನಾವು ಹೊರಡಲೇಬೇಕು," ಅಂದರು ಡಾಕ್ಟರು. "ನಾಳೆ ಬೆಳಿಗ್ಗೆ ನಿಜವಾದ ಡಬ್ಬಿ ಬಂದರೆ ಸರಿ. ಇಲ್ಲದಿದ್ದರೆ ಈ ಬೀದಿಯನ್ನು ಬಿಡಬೇಕಾಗುತ್ತೆ, ಮೇಡಂ."

"ಬರುತ್ತೆ," ಅಂದೆ. ಹೇಗೆ ಬರುತ್ತೆ ಅಂತ ನನಗೇ ಗೊತ್ತಿರಲಿಲ್ಲ. ಸಿಟ್ಟು ಮೂಗಿನ ತುದೀಲಿತ್ತು, ಅದೇ ನನ್ನನ್ನು ವ್ಯಾನಿನಿಂದ ಇಳಿಸಿತು.

ಅಕ್ಕ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ನಾನು ವಿಷಯ ಹೇಳಿ ಮುಗಿಸೋದರೊಳಗೆ ಅವಳು ಒದ್ದೆ ಬಟ್ಟೆಯನ್ನೇ ಬಾಯಿಗೆ ತುರುಕಿಕೊಂಡು ನಗೋಕೆ ಶುರು ಮಾಡಿದಳು. ಕಣ್ಣಲ್ಲಿ ನೀರು.

"ನಗು, ನಗು. ನಿನ್ನ ತಂಗಿ ಬೆಳಗಿಂದ ಒಬ್ಬನದೇ ನೋಡ್ತಾ ಕೂತಿದ್ದಾಳೆ. ಯಾರೇ ಅವನು?"

"ಪೈಲ್ವಾನ್ ಕಣೇ," ಅಂದಳು ಉಸಿರು ತಿರುಗಿಸಿಕೊಂಡು. "ಬೀದೀಲಿ ಅವನಷ್ಟು ಗಟ್ಟಿ ಯಾರಿದ್ದಾರೆ ಹೇಳು? ಅವನದು ಕೊಟ್ಟರೆ ಎಲ್ಲರದೂ ಶುದ್ಧ ಅಂತ ಬರುತ್ತೆ ಅಂದುಕೊಂಡ್ವಿ. ನಿನ್ನೆ ಪ್ರತಿ ಮನೆಯಿಂದ್ಲೂ ಅವನಿಗೆ ಊಟ. ಎಷ್ಟು ಡಬ್ಬಿ ತುಂಬಬೇಕಿತ್ತು ಪಾಪ."

ಪೈಲ್ವಾನ್ ಅಂದರೆ ಸುಡೋ ಭಟ್ಟಿಗೆ ಹೆಂಚು ಹೊರೋ ಆಳು. ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬರಬೇಕು, ಅಷ್ಟು ಅಗಲ. ಅಕ್ಕ ಕೂಗಿದ ಕೂಡಲೇ ಬೇಲಿಯಾಚೆಯಿಂದ ಬಂದ. ನನ್ನನ್ನು ನೋಡಿ ಹಲ್ಲು ಬಿಟ್ಟ.

"ಅಕ್ಕಾ, ನಂದು ಫಸ್ಟ್ ಕ್ಲಾಸ್ ಬಂತಲ್ವಾ?"

"ಬಂತಪ್ಪಾ, ಬಂತು. ನಿನ್ನ ಹೊಟ್ಟೇಲಿ ಹುಳಗಳ ಸಂತೆ ಸೇರಿದೆ."

ಅವನ ಮುಖ ಹೆಪ್ಪುಗಟ್ಟಿಹೋಯಿತು. ಅಕ್ಕನ ನಗೆಯೂ ನಿಂತಿತು. ನಾನು ಹೇಳಿದೆ, ಕೊಕ್ಕೆಹುಳ ಕರುಳಿಗೆ ಕಚ್ಚಿಕೊಂಡು ದಿನಾ ಚೂರು ಚೂರೇ ರಕ್ತ ಹೀರುತ್ತೆ, ದಂಡಿಯಾಗಿ ತಿನ್ನೋ ಗಟ್ಟಿ ಮೈಯವನಿಗೆ ಅದು ತೋರಲ್ಲ, ಮೈ ಸಣ್ಣಗಿರೋರನ್ನು ಮಾತ್ರ ಒಳಗಿಂದ ಬರಿದು ಮಾಡುತ್ತೆ ಅಂತ. ಪೈಲ್ವಾನ್ ತನ್ನ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ಅದು ಯಾರದೋ ಬೇರೆಯವರದು ಅನ್ನೋ ಹಾಗೆ ನೋಡುತ್ತಾ ನಿಂತ.

"ಇಷ್ಟಕ್ಕೂ ಯಾಕೆ ಮುಚ್ಚಿಟ್ಟಿರಿ?" ಅಂತ ಕೇಳಿದೆ.

"ಯಾಕೆ ಅಂದರೆ?" ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. "ಹಿಂದೆ ಕೆಮ್ಮಿನ ಪರೀಕ್ಷೆ ಅಂತ ಬಂದಿದ್ದರಲ್ಲ. ಯಾರ ಯಾರ ಹೆಸರು ಬಂತೋ ಅವರನ್ನೆಲ್ಲ ಕಾರ್ಖಾನೆ ಸಾಹುಕಾರರು ಮಾರನೇ ದಿನವೇ ಗೇಟಿನಿಂದ ಆಚೆ ಕಳಿಸಿದರು. ಮೂಲೆ ಮನೆ ಬೀಗ ಹಾಕಿದೆ ನೋಡು, ಅವರು ಎಲ್ಲಿಗೆ ಹೋದರೋ ಯಾರಿಗೂ ಗೊತ್ತಿಲ್ಲ. ಈಗ ಹೊಟ್ಟೇಲಿ ಹುಳ ಇದೆ ಅಂತ ಹೆಸರು ಹಾಕಿಸಿಕೊಂಡು ಮೊದಲು ಹೋಗೋರು ಯಾರು? ನಿನಗೇನು, ಗಾಜು ನೋಡಿ ಹೋಗ್ತೀಯ. ಇಲ್ಲಿ ಬಾಳ್ವೆ ಮಾಡೋರು ನಾವು."

ನಾನು ಮೂಲೆ ಮನೆಯ ಬೀಗದ ಕಡೆ ನೋಡಿದೆ.

ಅಷ್ಟರಲ್ಲಿ ಚೂಟಿ ಬರೋದು ಕಂಡಿತು.

ಚೂಟಿ ನಮ್ಮಕ್ಕನ ಮಗಳು. ನಿಂತಲ್ಲಿ ನಿಲ್ಲದ ಕೂಸು ಅಂತ ನಾನೇ ಇಟ್ಟ ಹೆಸರು. ಅಪ್ಪನ ಹಾಗೆ ಮಣ್ಣು ತುಳಿಯೋ ಕೆಲಸ. ಮದುವೆಯಾಗಿ ವರ್ಷ ತುಂಬಿದೆ, ಗಂಡ ಹೆಂಚಿನ ಲಾರಿಯ ಜೊತೆ ಊರೂರು ಸುತ್ತುತ್ತಾನೆ. ಈಗ ಆರು ತಿಂಗಳ ಬಸುರಿ. ಕಾರ್ಖಾನೆಯಿಂದ ಮನೆಗೆ ಒಂದು ಸಣ್ಣ ಏರು, ಅಷ್ಟೇ. ಆ ಏರಿನ ನಡುವೆ ಅವಳು ಕಲ್ಲಿನ ಮೇಲೆ ಕೂತುಬಿಟ್ಟಿದ್ದಳು. ಪಕ್ಕದ ಮನೆಯ ಅಜ್ಜಿ ಅವಳನ್ನು ದಾಟಿಕೊಂಡು ಸರಸರ ಹತ್ತಿ ಹೋದಳು.

"ಬಸುರಿ ಸುಸ್ತು," ಅಂದಳು ಅಕ್ಕ. "ಈಚೆಗೆ ಸ್ವಲ್ಪ ಸೋಮಾರಿನೂ ಆಗಿದ್ದಾಳೆ ಬಿಡು."

ನಾನು ಹೋಗಿ ಚೂಟಿಯ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದೆ. ಒಗೆದ ಬಟ್ಟೆಯ ಹಾಗೆ ಬೆಳ್ಳಗಿತ್ತು. ಉಗುರೂ ಹಾಗೇ. ಕುತ್ತಿಗೆಯ ನರ ಹೊಡೆದುಕೊಳ್ಳೋದು ದೂರದಿಂದಲೇ ಕಾಣುತ್ತಿತ್ತು. ಎರಡು ದಿನದಿಂದ ಈ ಬೀದೀಲೇ ಓಡಾಡುತ್ತಿದ್ದೇನೆ, ಊಟಕ್ಕೂ ಬಂದಿದ್ದೇನೆ, ದೀಪದ ಬೆಳಕಲ್ಲಿ ಅವಳ ಮುಖ ಸರಿಯಾಗಿ ನೋಡಿರಲಿಲ್ಲ.

"ಚಿಕ್ಕಮ್ಮ, ಬಿಡೇ, ಕಣ್ಣು ಉರಿಯುತ್ತೆ," ಅಂದಳು. ದನಿಯಲ್ಲಿ ಹಳೆಯ ಚೂಟಿತನ ಇನ್ನೂ ಒಂದು ಎಳೆ ಉಳಿದಿತ್ತು.

ಕೈ ಹಿಡಿದು ವ್ಯಾನಿಗೆ ಕರೆದುಕೊಂಡು ಹೋದೆ. ಬೆರಳಿಗೆ ಚುಚ್ಚಿದರೆ ಬಂದದ್ದು ರಕ್ತವೋ ಕೆಂಪು ನೀರೋ. ರಕ್ತದ ಅಂಶ ಇರಬೇಕಾದ್ದರಲ್ಲಿ ಅರ್ಧವೂ ಇರಲಿಲ್ಲ. ಡಾಕ್ಟರ ಮುಖ ಗಂಭೀರವಾಯಿತು. ಇವಳನ್ನು ಪೇಟೆಯ ಆಸ್ಪತ್ರೆಗೆ ಸೇರಿಸಿ ರಕ್ತ ಕೊಡಿಸಬೇಕು, ಹುಳಕ್ಕೆ ಔಷಧಿ ಕೊಡಬೇಕು, ಹೀಗೇ ಹೆರಿಗೆಗೆ ಹೋದರೆ ತಾಯಿ ಮಗು ಇಬ್ಬರೂ ಉಳಿಯೋದು ಕಷ್ಟ ಅಂತ ನೇರವಾಗಿ ಹೇಳಿದರು. "ನಾಳೆ ನಮ್ಮ ವ್ಯಾನಿನಲ್ಲೇ ಬರಲಿ."

ಚೂಟಿ ತಲೆ ಅಲ್ಲಾಡಿಸಿದಳು. "ನಾನೊಬ್ಬಳೇ ಹೋದರೆ ಹುಳದ ವಿಷಯ ಸಾಹುಕಾರರಿಗೆ ಗೊತ್ತಾಗುತ್ತೆ. ಮೇಸ್ತ್ರಿ ಮಗಳಿಗೇ ಇದೆ ಅಂದರೆ ಅಪ್ಪನ ಗತಿ ಏನು? ಬೀದಿಯವರೆಲ್ಲ ಡಬ್ಬಿ ಕೊಟ್ಟರೆ ನಾನೂ ಬರ್ತೀನಿ. ಇಲ್ಲಾಂದ್ರೆ ಇಲ್ಲ."

"ಸಾಯ್ತೀಯೇನೇ?" ಅಂತ ಕಿರುಚಿದೆ.

"ಯಾರ ಹೆಸರೂ ಹೊರಗೆ ಹೋಗಬಾರದು ಅನ್ನೋದು ಅಪ್ಪನ ಮಾತು. ಅದನ್ನ ಮೀರಲ್ಲ," ಅಂದಳು. ಅಷ್ಟೇ.

ಸರಿ, ಹಾಗಾದರೆ ಅಪ್ಪನ ಹತ್ತಿರವೇ ಹೋಗೋಣ ಅಂತ ಹೊರಟೆ. ನಾಳೆ ಮಧ್ಯಾಹ್ನದೊಳಗೆ ಈ ಹುಡುಗಿ ವ್ಯಾನು ಹತ್ತಬೇಕು, ಅವಳು ಹತ್ತಬೇಕಾದರೆ ಬೀದಿ ಬಾಯಿ ಬಿಡಬೇಕು, ಬೀದಿ ಬಾಯಿ ಬಿಡಬೇಕಾದರೆ ಭಾವ ಬಗ್ಗಬೇಕು. ಬಗ್ಗಿಸದೆ ನಾನು ಈ ಊರಿಂದ ಕಾಲು ಕೀಳಲ್ಲ ಅಂತ ನನಗೆ ನಾನೇ ಹೇಳಿಕೊಂಡೆ.

ಭಾವ ಕಾರ್ಖಾನೆಯ ಮಣ್ಣು ತುಳಿಯೋ ಹೊಂಡದೊಳಗೆ ಇದ್ದರು. ಮೊಣಕಾಲವರೆಗೆ ಜೇಡಿಮಣ್ಣು, ಸುತ್ತ ಹೆಂಗಸರು ಗಂಡಸರು ಒಬ್ಬರ ಭುಜ ಒಬ್ಬರು ಹಿಡಿದು ಸಾಲಾಗಿ ತುಳಿಯುತ್ತಿದ್ದರು. ಎಲ್ಲರದೂ ಬರಿಗಾಲು. ಅದು ಬಡತನದಿಂದಲ್ಲ, ಕೆಲಸವೇ ಹಾಗೆ. ಮಣ್ಣಿನಲ್ಲಿ ಜೋಳದ ಕಾಳಿನಷ್ಟು ಕಲ್ಲು ಉಳಿದರೂ ಭಟ್ಟಿಯಲ್ಲಿ ಹೆಂಚು ಸಿಡಿಯುತ್ತೆ. ಆ ಕಲ್ಲನ್ನು ಹುಡುಕೋದು ಅಂಗಾಲು. ನಮ್ಮ ಭಾವನ ಅಂಗಾಲಿನಂಥದು ಆ ಸುತ್ತಿನಲ್ಲೇ ಇಲ್ಲ. ತುಳಿಯುತ್ತಾ ತುಳಿಯುತ್ತಾ ಮಾತಾಡುತ್ತಲೇ ಬಗ್ಗಿ, ಕೈ ಹಾಕಿ, ಸಾಸಿವೆಯಷ್ಟು ಕಲ್ಲನ್ನು ತೆಗೆದು ಆಚೆ ಎಸೆಯುತ್ತಾರೆ. ಈಗಲೂ ಹಾಗೇ ಮಾಡಿದರು.

"ಗೊತ್ತಾಯ್ತು, ಬಾ," ಅಂದರು. "ಬೈಯೋಕೆ ಬಂದಿದ್ದೀಯ."

"ಭಾವ, ಚೂಟಿಯ ಮೈಯಲ್ಲಿ ರಕ್ತ ಇಲ್ಲ. ಹುಳ ಕುಡಿದು ಹಾಕಿದೆ. ಆ ಹುಳ ಈ ಮಣ್ಣಿಂದ ಕಾಲಿಗೆ ಹತ್ತುತ್ತೆ. ಕಾಲಿನ ಚರ್ಮ ಕೊರೆದು ಒಳಗೆ ಹೋಗುತ್ತೆ."

ತುಳಿಯೋರೆಲ್ಲ ನಿಂತುಬಿಟ್ಟರು. ಭಾವ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಮೇಲೆ ಹತ್ತಿ ಬಂದು ನನ್ನೆದುರು ಕೂತು, ತಮ್ಮ ಕಾಲನ್ನು ನನ್ನ ಮುಂದೆ ಚಾಚಿದರು.

"ನೋಡು. ಮೂವತ್ತು ವರ್ಷದಿಂದ ಈ ಮಣ್ಣಲ್ಲಿದ್ದೀನಿ. ಮಣ್ಣು ಕೆಟ್ಟದ್ದು ಮಾಡೋ ಹಾಗಿದ್ದರೆ ನಾನು ಇಷ್ಟು ದಿನ ಇರ್ತಿದ್ನಾ? ನಮ್ಮ ಅನ್ನಕ್ಕೆ ಹೆಸರಿಡಬೇಡ. ಇದು ನಮ್ಮನ್ನ ಒಪ್ಪಿಕೊಂಡಿರೋ ಮಣ್ಣು."

ಒಪ್ಪಿಕೊಳ್ಳೋದು. ಆ ಮಾತು ಕೇಳಿದ ಕೂಡಲೇ ನನ್ನ ತಲೆಯಲ್ಲಿ ಏನೋ ಟಕ್ ಅಂತು.

ಈ ಕಾರ್ಖಾನೆಯ ತುಳಿಯೋರಲ್ಲಿ ಒಂದು ನಂಬಿಕೆ ಇದೆ. ಹೊಸಬರು ಹೊಂಡಕ್ಕೆ ಇಳಿದ ಮೇಲೆ, ಸ್ವಲ್ಪ ದಿನಕ್ಕೆ ಅವರ ಬೆರಳ ಸಂದಿಯಲ್ಲಿ, ಅಂಗಾಲಿನ ಅಂಚಿನಲ್ಲಿ ಸಣ್ಣ ಗುಳ್ಳೆ ಎದ್ದು ಕೆರೆತ ಶುರುವಾಗುತ್ತೆ. ಆಗ ಎಲ್ಲರೂ ಚಪ್ಪಾಳೆ ಹೊಡೆದು, "ಮಣ್ಣು ಒಪ್ಪಿಕೊಂಡಿತು!" ಅಂತಾರೆ. ಅವತ್ತಿನಿಂದ ಅವರು ತುಳಿಯೋರ ಸಾಲಿಗೆ ಸೇರಿದ ಹಾಗೆ. ಕೆರೆತ ಬರದವರನ್ನು ಮಣ್ಣು ಒಪ್ಪಿಲ್ಲ ಅಂತ ತಮಾಷೆ ಮಾಡ್ತಾರೆ.

ಅಯ್ಯೋ ದೇವರೇ! ಆ ಕೆರೆತವೇ ಹುಳ ಒಳಗೆ ಹೋಗೋ ಗುರುತು. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಅಕ್ಕನ ಮನೆಯಲ್ಲಿ ಈ ಮಾತನ್ನು ನೂರು ಸಲ ಕೇಳಿ ನಕ್ಕಿದ್ದೆ. ಎರಡನ್ನೂ ಯಾವತ್ತೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

"ಭಾವ," ಅಂದೆ, ದನಿ ತಗ್ಗಿಸಿ. "ಚೂಟಿಗೆ ಕೆರೆತ ಬಂದಿದ್ದು ಹೇಗೆ, ನೆನಪಿದೆಯಾ?"

"ಇಲ್ಲದೆ?" ಅವರ ಮುಖ ಮೆತ್ತಗಾಯಿತು. "ಎಷ್ಟು ದಿನ ಆದರೂ ಬರಲೇ ಇಲ್ಲ. ಮಣ್ಣು ನನ್ನನ್ನ ಬೇಡ ಅಂತಿದೆ ಅಂತ ಒಂದೇ ಸಮ ಅಳು. ಆಮೇಲೆ ನಾನೇ ಅವಳನ್ನ ನೆರಳಿನ ಮೂಲೆಗೆ ಕರಕೊಂಡು ಹೋಗಿ ನಿಲ್ಲಿಸಿದೆ. ಅಲ್ಲಿ ಮಣ್ಣು ಬೇಗ ಒಪ್ಪಿಕೊಳ್ಳುತ್ತೆ. ಮೂರೇ ದಿನ. ಕುಣಿದುಬಿಟ್ಟಳು."

ಹೊಂಡದ ಆ ಮೂಲೆ ನನಗೆ ಗೊತ್ತಿತ್ತು. ಮರದ ನೆರಳು, ಬಿಸಿಲು ತಾಗದ ತಂಪು ಮಣ್ಣು. ಅದರ ಹಿಂದೆಯೇ ಪೊದೆ. ಪಾಯಖಾನೆ ಇಲ್ಲದ ಕಾರ್ಖಾನೆಯಲ್ಲಿ ಕೆಲಸದ ನಡುವೆ ಎಲ್ಲರೂ ಹೋಗೋದು ಆ ಪೊದೆಗೆ. ಮಳೆ ಬಂದರೆ ಪೊದೆಯ ನೀರೆಲ್ಲ ಆ ಮೂಲೆಗೇ ಇಳಿಯುತ್ತೆ.

ನಾನು ಇನ್ನು ವಾದ ಮಾಡಲಿಲ್ಲ. ಎರಡು ಡಬ್ಬಿ ತೆಗೆದುಕೊಂಡು ಹೋಗಿ, ಒಂದರಲ್ಲಿ ಹೊಂಡದ ನಡುವಿನ ಬಿಸಿಲಿಗೆ ಕಾದ ಮಣ್ಣು, ಇನ್ನೊಂದರಲ್ಲಿ ನೆರಳಿನ ಮೂಲೆಯ ಮಣ್ಣು ತುಂಬಿದೆ. "ಸಂಜೆ ಕೆಲಸ ಬಿಟ್ಟ ಮೇಲೆ ಯಾರೂ ಮನೆಗೆ ಹೋಗಬೇಡಿ," ಅಂದೆ. "ಅರ್ಧ ಗಂಟೆ ನನಗೆ ಕೊಡಿ. ಆಮೇಲೂ ನಾನು ಸುಳ್ಳುಗಾತಿ ಅನ್ನಿಸಿದರೆ ಈ ಬೀದಿಗೆ ಕಾಲಿಡಲ್ಲ."

"ಅಷ್ಟೆಲ್ಲ ಆಣೆ ಯಾಕೆ ತಾಯಿ," ಅಂದ ಪೈಲ್ವಾನ್. ಅವನು ಹೊಟ್ಟೆ ಹಿಡಿದುಕೊಂಡೇ ನನ್ನ ಹಿಂದೆ ಬಂದಿದ್ದ. "ನಾನಂತೂ ಇರ್ತೀನಿ."

ವ್ಯಾನಿನಲ್ಲಿ ಎರಡು ಆಲಿಕೆ ನೇತುಹಾಕಿ, ಕೆಳಗೆ ರಬ್ಬರ್ ಕೊಳವೆ ಸಿಕ್ಕಿಸಿ, ಅದರ ಬಾಯಿಗೆ ಕ್ಲಿಪ್ಪು ಹಾಕಿದೆ. ಆಲಿಕೆ ತುಂಬ ಉಗುರುಬೆಚ್ಚಗಿನ ನೀರು. ಮಣ್ಣನ್ನು ತೆಳು ಬಟ್ಟೆಯಲ್ಲಿ ಕಟ್ಟಿ ನೀರಿಗೆ ತಾಗುವ ಹಾಗೆ ಇಟ್ಟೆ. ಇದು ಹಳೆಯ ಉಪಾಯ. ಮಣ್ಣಿನಲ್ಲಿರೋ ಮರಿಹುಳಕ್ಕೆ ಕಣ್ಣಿಲ್ಲ, ಬೆಚ್ಚಗಿದ್ದರೆ ಸಾಕು, ಕಾಲು ಸಿಕ್ಕಿತು ಅಂತ ಅತ್ತ ಹೊರಡುತ್ತೆ. ಬಟ್ಟೆ ದಾಟಿ ನೀರಿಗೆ ಇಳಿದು, ಈಜೋಕೆ ಬಾರದೆ ತಳಕ್ಕೆ ಹೋಗಿ ಬೀಳುತ್ತೆ. ಮಧ್ಯಾಹ್ನವೆಲ್ಲ ನಾನು ಬಿಸಿನೀರು ಬದಲಿಸುತ್ತಾ ಕೂತೆ. ಊಟ ಮಾಡಲಿಲ್ಲ. ಡಾಕ್ಟರು ಬಿಸ್ಕತ್ತು ಚಾಚಿದರು, ಬೇಡ ಅಂದೆ. ಅವರಿಗೆ ಗಾಬರಿಯಾಯಿತು, ನಾನು ಬಿಸ್ಕತ್ತು ಬೇಡ ಅಂದಿದ್ದು ಅವರು ಕೇಳಿರಲಿಲ್ಲ.

ಮಣ್ಣಿನಲ್ಲಿ ಯಾರಿಗೂ ತೊಂದರೆ ಕೊಡದ ಹುಳಗಳೂ ಇರುತ್ತವೆ. ಅವನ್ನು ತೋರಿಸಿ ಹೆದರಿಸಿದರೆ ಅದು ಮೋಸ. ಒಂದೊಂದನ್ನೂ ಬಾಲ ನೋಡಿ, ಬಾಯಿ ನೋಡಿ, ಖಚಿತ ಮಾಡಿಕೊಂಡೆ. ನಡುವಿನ ಮಣ್ಣಿನಲ್ಲಿ ಕೊಕ್ಕೆಹುಳ ಒಂದೂ ಇರಲಿಲ್ಲ. ಮೂಲೆಯ ಮಣ್ಣಿನ ಗಾಜಿನ ತುಂಬ ಅವೇ. ಒಳಗೊಳಗೇ, ಸಿಕ್ಕಿದಿರಾ ಕಳ್ಳರೇ, ಅಂದುಕೊಂಡೆ.

ಸಂಜೆ ಇನ್ನೂ ಬೆಳಕಿರುವಾಗಲೇ ಕಾರ್ಖಾನೆಯ ಅಂಗಳದಲ್ಲಿ ಮೇಜು ಹಾಕಿ ಮೈಕ್ರೋಸ್ಕೋಪು ಇಟ್ಟೆ. ಬೀದಿಯೇ ಸೇರಿತ್ತು. ಅಕ್ಕ ಬಂದಳು, ಚೂಟಿ ಗೋಡೆಗೆ ಒರಗಿ ಕೂತಳು.

ಮೊದಲು ಪೈಲ್ವಾನ್ ಬಗ್ಗಿದ. "ಏನೂ ಕಾಣ್ತಿಲ್ಲ, ಕತ್ತಲೆ."

"ಕಣ್ಣು ಬಿಟ್ಟು ನೋಡೋ ಮಾರಾಯ."

"ಹಾಂ... ಅಯ್ಯಯ್ಯೋ! ಓಡಾಡ್ತಿದೆ! ದಾರದ ಚೂರು ಓಡಾಡ್ತಿದೆ!" ಅಂತ ಮೂರು ಹೆಜ್ಜೆ ಹಿಂದಕ್ಕೆ ಹಾರಿ ಯಾರದೋ ಕಾಲು ತುಳಿದ. ಜನ ಗೊಳ್ಳೆಂದು ನಕ್ಕರು. ಆದರೆ ಒಬ್ಬೊಬ್ಬರೇ ಬಗ್ಗಿ ನೋಡಿ ಎದ್ದಾಗ ನಗು ಸಣ್ಣಗಾಗುತ್ತಾ ಹೋಯಿತು. ಪಕ್ಕದ ಮನೆಯ ಅಜ್ಜಿ ನೋಡಿ, ಎದ್ದು, ಸೆರಗಿನಿಂದ ತನ್ನ ಕಾಲು ಒರೆಸಿಕೊಂಡಳು.

ಭಾವ ಕೊನೆಗೆ ಬಂದರು. ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು. ಕಲ್ಲು ಹುಡುಕುವಾಗ ಇರುತ್ತಲ್ಲ, ಅದೇ ಏಕಾಗ್ರತೆ.

"ಇದು ಯಾವ ಕಡೆಯ ಮಣ್ಣು?" ಅಂತ ತಲೆ ಎತ್ತದೆ ಕೇಳಿದರು.

ನಾನು ಮೇಜಿನ ಮೇಲಿನ ಡಬ್ಬಿಯನ್ನು ಇತ್ತಿಂದತ್ತ ಸರಿಸಿದೆ. ಎಷ್ಟೆಂದರೂ ನಮ್ಮ ಭಾವ.

"ನೆರಳಿನ ಮೂಲೇದಾ?"

"ಹೌದು ಭಾವ."

"ಆ ಕೆರೆತ?"

"ಇವು ಒಳಗೆ ಹೋಗುವಾಗ ಬರೋದು."

ಅವರು ನೆಟ್ಟಗೆ ನಿಂತರು. ಚೂಟಿಯ ಕಡೆ ನೋಡಿದರು. ಅವಳು ಗೋಡೆಗೆ ತಲೆ ಆನಿಸಿ ಬಾಯಿಂದ ಉಸಿರಾಡುತ್ತಿದ್ದಳು. ಭಾವನ ಕೆನ್ನೆ ಅದುರಿತು. ನಾನು ಆ ಮನುಷ್ಯ ಅಳೋದನ್ನು ಅವತ್ತೇ ಮೊದಲು ನೋಡಿದ್ದು.

"ನಾನೇ ನಿಲ್ಲಿಸಿದೆ," ಅಂದರು. "ಕೈ ಹಿಡಿದು ಕರಕೊಂಡು ಹೋಗಿ ನಾನೇ ನಿಲ್ಲಿಸಿದೆ."

"ಅಪ್ಪಾ, ನಾನೇ ಅಲ್ವಾ ಅತ್ತಿದ್ದು," ಅಂದಳು ಚೂಟಿ.

ಇದೇ ಸಮಯ ಅಂತ ನಾನು ದನಿ ಎತ್ತಿದೆ. "ಕೇಳಿ ಎಲ್ಲರೂ. ಸಾಹುಕಾರರ ಭಯ ನಿಮಗೆ. ಒಬ್ಬರಿಗೆ ಇದ್ದರೆ ಒಬ್ಬರನ್ನ ಆಚೆ ಹಾಕಬಹುದು. ಇಬ್ಬರಿಗೆ ಇದ್ದರೆ ಇಬ್ಬರನ್ನ. ಬೀದಿಗೇ ಇದೆ ಅಂತ ಗೊತ್ತಾದರೆ ಏನು ಮಾಡ್ತಾರೆ? ಇಡೀ ಬೀದಿಯನ್ನ ಮನೆಗೆ ಕಳಿಸಿ ಮಣ್ಣು ಅವರೇ ತುಳೀತಾರಾ? ನೀವು ಒಬ್ಬೊಬ್ಬರೇ ಮುಚ್ಚಿಟ್ಟುಕೊಂಡಿರೋದಕ್ಕೇ ಒಬ್ಬೊಬ್ಬರೂ ಒಂಟಿ. ಎಷ್ಟು ಜನ ಅಂತ ಗೊತ್ತಾಗಲಿ. ಆ ಲೆಕ್ಕವೇ ನಿಮ್ಮನ್ನ ಕಾಯೋದು."

ಮೇಜಿನ ಮೇಲೆ ಹೊಸ ಡಬ್ಬಿಗಳನ್ನು ಸುರಿದೆ. ಒಬ್ಬೊಬ್ಬರೇ ತಗೊಂಡು ಹೋದರು. ಕೆಲವರು ತಗೊಳ್ಳಲಿಲ್ಲ.

ಬೆಳಿಗ್ಗೆ ವ್ಯಾನಿನ ಬಾಗಿಲು ತೆಗೆದು ಕೂತೆ. ಬೀದಿ ಖಾಲಿ. ಬಿಸಿಲು ಏರಿತು. ಡ್ರೈವರು ಚಕ್ರಕ್ಕೆ ಗಾಳಿ ನೋಡಿದ, ಡಾಕ್ಟರು ಗಡಿಯಾರ ನೋಡಿದರು. ನಾನು ಖಾಲಿ ಮೇಜನ್ನು ಇನ್ನೊಂದು ಸಲ ಒರೆಸಿದೆ.

ಆಮೇಲೆ ಏರಿನಿಂದ ಇಳಿದು ಬರುತ್ತಿರೋ ಭಾವ ಕಂಡರು. ಸ್ನಾನ ಮಾಡಿ, ಒಗೆದ ಅಂಗಿ ಹಾಕಿದ್ದರು. ಡಬ್ಬಿಯನ್ನು ಚೀಲದಲ್ಲಿ ಮುಚ್ಚಿಟ್ಟಿರಲಿಲ್ಲ, ಅಂಗೈ ಮೇಲೆ ಇಟ್ಟುಕೊಂಡು ಬೀದಿಯ ನಟ್ಟನಡುವೆ ನಡೆದು ಬಂದರು. ಮೇಜಿನ ಮೇಲೆ ಇಟ್ಟು, ಎಲ್ಲರ ಮನೆಗೂ ಕೇಳೋ ಹಾಗೆ, "ಇದು ನಂದೇ," ಅಂದರು. "ಮೇಸ್ತ್ರಿದು. ಚೆನ್ನಾಗಿ ನೋಡು."

ಅಜ್ಜಿಯ ಬಾಗಿಲು ತೆರೆಯಿತು. ಆಮೇಲೆ ಅದರ ಪಕ್ಕದ್ದು. ನಿನ್ನೆ ಡಬ್ಬಿ ತಗೊಳ್ಳದೆ ಹೋದವರು ಅದೆಲ್ಲಿಂದಲೋ ಬೇರೆ ಡಬ್ಬಿ ತೊಳೆದು ತಂದಿದ್ದರು. ಪೈಲ್ವಾನ್ ಕೊನೆಗೆ ಬಂದು, "ಅಕ್ಕಾ, ಈ ಸಲ ಒಂದೇ ಡಬ್ಬಿ. ಮೈ ಹಗುರ ಆಗಿದೆ," ಅಂದ. ಕೂಸುಗಳನ್ನು ಎತ್ತಿಕೊಂಡು ನಿಂತಿದ್ದ ತಾಯಂದಿರೂ ನಕ್ಕುಬಿಟ್ಟರು.

ನಾನು, ಡಾಕ್ಟರು ಇಬ್ಬರೂ ಸೇರಿ ನೋಡಿದೆವು, ಎದ್ದಿದ್ದೇ ಇಲ್ಲ. ಈ ಸಲ ಪ್ರತಿ ಡಬ್ಬಿಯೂ ಬೇರೆ ಬೇರೆ. ಹತ್ತು ಜನರಲ್ಲಿ ಎಂಟು ಜನಕ್ಕೆ ಇತ್ತು. ಭಾವನಿಗೂ. ಚೂಟಿಯದು ಎಲ್ಲಕ್ಕಿಂತ ಜಾಸ್ತಿ.

ಭಾವ ಕಾಯಲಿಲ್ಲ. ಡಾಕ್ಟರನ್ನು ಜೊತೆಗೆ ಕರೆದುಕೊಂಡು ಸಾಹುಕಾರರ ಕೋಣೆಗೆ ಹೋದರು. ತುಳಿಯೋರೆಲ್ಲ ಹಿಂದೆ ಹೋಗಿ ಕಿಟಕಿಯ ಕೆಳಗೆ ನಿಂತರು. "ಹತ್ತರಲ್ಲಿ ಎಂಟು ಜನಕ್ಕೆ ಹುಳ ಇದೆ ಸ್ವಾಮಿ. ನನಗೂ ಇದೆ. ಯಾರನ್ನ ಕಳಿಸ್ತೀರಿ?" ಅಂದರಂತೆ. ಸಾಹುಕಾರರು ಕಿಟಕಿಯಾಚೆ ನೋಡಿ, ಭಟ್ಟಿ ಕಡೆ ನೋಡಿ, "ಯಾರು ಕಳಿಸ್ತೀನಿ ಅಂದರು ಈಗ?" ಅಂದರಂತೆ. ಆ ಮಾತು ಸಾಕಾಗಿತ್ತು.

ವ್ಯಾನು ಹೊರಡೋ ಹೊತ್ತಿಗೆ ಅಕ್ಕ ಬಟ್ಟೆಯ ಗಂಟು ಹಿಡಿದು ಬಂದಳು. ಚೂಟಿ ಹೊಸ್ತಿಲ ಮೇಲೆ ಕೂತು ಚಪ್ಪಲಿ ಹುಡುಕುತ್ತಿದ್ದಳು. ಭಾವ ಬಗ್ಗಿ, ಎರಡೂ ಕೈಯಲ್ಲಿ ಅವಳನ್ನು ಎತ್ತಿಕೊಂಡುಬಿಟ್ಟರು. ಆರು ತಿಂಗಳ ಬಸುರಿಯನ್ನು, ಕೂಸಿನ ಹಾಗೆ.

"ಅಪ್ಪಾ, ಇಳಿಸಪ್ಪಾ! ಎಲ್ಲರೂ ನೋಡ್ತಿದ್ದಾರೆ!"

"ನೋಡ್ಲಿ," ಅಂದರು. ಮನೆಯಿಂದ ವ್ಯಾನಿನವರೆಗೂ ಅವಳ ಕಾಲನ್ನು ನೆಲಕ್ಕೆ ತಾಗಿಸಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು, ಮಾತ್ರೆ ಕೊಟ್ಟರು. ಬೀದಿಗೂ ಔಷಧಿ ಬಂತು. ಪೊದೆ ಕಡಿದು, ದೂರದಲ್ಲಿ ಪಾಯಖಾನೆ ಕಟ್ಟಿದರು. ನೆರಳಿನ ಮೂಲೆಗೆ ಭಾವ ತಾವೇ ಬೇಲಿ ಹಾಕಿದರು. ಈಗ ಹೊಸ ಮಣ್ಣು ಬಂದರೆ ಮೊದಲು ಬಿಸಿಲಿಗೆ ಹರವಿ ಒಣಗಿಸ್ತಾರೆ, ಆಮೇಲೇ ಹೊಂಡಕ್ಕೆ. ಆಳು ಜಾಸ್ತಿ ಬೇಕು ಅಂತ ಸಾಹುಕಾರರು ಗೊಣಗುತ್ತಾರೆ. ಗೊಣಗಲಿ.

ಹೋದ ವಾರ ನಾನು ಎರಡನೇ ಸುತ್ತಿನ ಡಬ್ಬಿ ಹಂಚೋಕೆ ಅಲ್ಲಿಗೆ ಹೋಗಿದ್ದೆ. ಹೊಂಡದ ಪಕ್ಕ ಭಾವ ಕೂತಿದ್ದರು, ತೊಡೆಯ ಮೇಲೆ ಚೂಟಿಯ ಮಗಳು. ಕೆಂಪು ಕೆನ್ನೆ, ಕಾಲಿಗೆ ದಪ್ಪ ಸಾಕ್ಸು. ಸೆಕೆಯಲ್ಲಿ ಯಾಕೆ ಭಾವ ಅಂದರೆ, ಇರಲಿ ಬಿಡು ಅಂದರು. ಚೂಟಿ ತುಳಿಯೋರ ಸಾಲಿನ ಮುಂದೆ ನಿಂತು ಯಾರನ್ನೋ ಗದರಿಸುತ್ತಿದ್ದಳು. ಅವಳ ದನಿ ಗೇಟಿನವರೆಗೂ ಕೇಳುತ್ತಿತ್ತು.

ಹೊಸದಾಗಿ ಕೆಲಸಕ್ಕೆ ಸೇರಿದ ಹೆಂಗಸೊಬ್ಬಳು ಮಣ್ಣು ಮೆತ್ತಿದ ಕಾಲಿನಲ್ಲೇ ಭಾವನ ಹತ್ತಿರ ಬಂದಳು. ಮುಖ ಸಪ್ಪಗಿತ್ತು.

"ಮೇಸ್ತ್ರಿ, ನಾನು ಬಂದು ತಿಂಗಳಾಯ್ತು. ಕಾಲಲ್ಲಿ ಕೆರೆತ ಬಂದೇ ಇಲ್ಲ. ಈ ಮಣ್ಣು ನನ್ನನ್ನ ಒಪ್ಪಿಕೊಂಡಿಲ್ವಾ?"

ಭಾವ ಮೊಮ್ಮಗಳನ್ನು ನನ್ನ ಕೈಗೆ ಕೊಟ್ಟರು. ಚೊಂಬಿನ ನೀರು ತಗೊಂಡು ಆ ಹೆಂಗಸಿನ ಕಾಲಿಗೆ ಸುರಿದು, ಬೆರಳ ಸಂದಿಯನ್ನೆಲ್ಲ ಒಂದೊಂದಾಗಿ ಬಗ್ಗಿ ನೋಡಿದರು. ಎಲ್ಲೂ ಒಂದು ಗುಳ್ಳೆ ಇರಲಿಲ್ಲ.

"ಬಂದಿಲ್ವಲ್ಲಮ್ಮ," ಅಂದರು. "ಒಪ್ಪಿಕೊಂಡಿದೆ ಅಂತಲೇ ಅರ್ಥ. ಹೋಗು, ಸಾಲಿಗೆ ಸೇರು."